ಹೊನ್ನವ್ವನನ್ನು ಇಳಿಸುವ ಪದ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಏನೋ ಕೆಲಸದ ನೆವ ಮಾಡಿಕೊಂಡು ಒಳಗೆ ಎದ್ದುಹೋಗುತ್ತಿದ್ದೆ. ನಂಬಿಕೆ ಇರಲಿಲ್ಲ ಎನ್ನುವುದು ಒಂದು. ಕೂತು ಕೇಳಿದರೆ ನಡುವೆ ಏನಾದರೂ ಪ್ರಶ್ನೆ ಹಾಕಿ ಹೇಳುವವರ ಮನಸ್ಸು ನೋಯಿಸುತ್ತೇನೆ ಎನ್ನುವ ಅಳುಕು ಇನ್ನೊಂದು. ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಮೇಣದ ಬತ್ತಿ ತಟ್ಟನೆ ಆರಿ ನಾವು ಹುಡುಗಿಯರು ಕಿರುಚಿಕೊಂಡರೆ, ವಯಸ್ಸಾದ ಸಿಸ್ಟರ್ ಒಬ್ಬರು ಸಾವಕಾಶವಾಗಿ ಎದ್ದು ಕಿಟಕಿಯ ಚೌಕಟ್ಟಿನ ಉದ್ದಕ್ಕೂ ಅಂಗೈ ಆಡಿಸಿ, ಗಾಳಿ ಬರುವ ಸಂದು ಎಲ್ಲಿದೆಯೆಂದು ನಮಗೆ ತೋರಿಸಿ, ಅದಕ್ಕೊಂದು ಚಿಂದಿ ತುರುಕಿ ಮತ್ತೆ ಬತ್ತಿ ಹಚ್ಚುತ್ತಿದ್ದರು. ಬಯ್ಯುತ್ತಿರಲಿಲ್ಲ. ಹಾಗೆ ಸಂದು ಹುಡುಕುವ ಚಾಳಿ ನನಗೂ ಹತ್ತಿತು. ಈಗ ಹೇಳಲಿರುವ ಸಂಗತಿಯಲ್ಲೂ ಎಷ್ಟೋ ವರ್ಷ ಹುಡುಕಿದ್ದೇನೆ. ಓದುವವರಿಗೆ ಸಿಕ್ಕರೆ ಸಂತೋಷವೇ.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಆಗ ನನಗೆ ಮದುವೆಯಾಗಿ ಗೋಕಾಕಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಮನೆಯವರದು ಹತ್ತಿಯ ವ್ಯಾಪಾರ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಅತ್ತೆಯ ತವರು ಹುಕ್ಕೇರಿ. ಎರಡನೆಯ ಬಾಣಂತನದಲ್ಲಿ ಜ್ವರ ಬಂದು ಅವರ ಎರಡೂ ಕಿವಿ ಹೋಗಿದ್ದವು. ಅಲ್ಲಿಂದ ಮುಂದೆ ಅವರು ಜಗತ್ತಿನ ಮಾತನ್ನೆಲ್ಲ ತುಟಿಯಿಂದಲೇ ಓದಿಕೊಂಡವರು. ನಮ್ಮ ಮನೆಯಲ್ಲಿ ಕತ್ತಲಾದ ಮೇಲೆ ಅವರೊಂದಿಗೆ ಮಾತಾಡಬೇಕಾದರೆ ಕಂದೀಲನ್ನು ನಮ್ಮ ನಮ್ಮ ಬಾಯಿಯ ಹತ್ತಿರ ಹಿಡಿದುಕೊಳ್ಳುತ್ತಿದ್ದೆವು. ಹೊಸದಾಗಿ ಬಂದಾಗ ನನಗೆ ಇದು ವಿಚಿತ್ರವೆನಿಸಿ, ಆಮೇಲೆ ಕಿವಿ ಕೇಳುವವರ ಮುಂದೆಯೂ ಕಂದೀಲು ಎತ್ತುವಷ್ಟು ರೂಢಿಯಾಯಿತು. ಅತ್ತೆ ಕಟ್ಟೆಯ ಮೇಲೆ ಕೂತರೆಂದರೆ ಎದುರು ಮನೆಯ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾತಾಡುತ್ತಿದ್ದರು. ಬೀದಿಯ ಆಚೆ ಬದಿಯಲ್ಲಿ ಪಿಸುಗುಟ್ಟಿದ್ದನ್ನೂ ಇವರು ಈಚೆಯಿಂದ ದೊಡ್ಡ ದನಿಯಲ್ಲಿ ಹೇಳಿಬಿಡುತ್ತಿದ್ದರು.

ನನ್ನ ಮೈದುನ ಶಂಕರ ಮುಂಬಯಿಯಲ್ಲಿದ್ದ, ಸಿನೆಮಾ ರೀಲುಗಳನ್ನು ತೊಳೆದು ತೆಗೆಯುವ ಒಂದು ಕಾರಖಾನೆಯಲ್ಲಿ. ಆ ವರ್ಷ ರಜೆಗೆ ಬರುವಾಗ ಕೀಲಿ ಕೊಟ್ಟರೆ ಓಡುವ ಸಣ್ಣದೊಂದು ಕ್ಯಾಮರಾ ಎರವಲು ತಂದಿದ್ದ. ಸಣ್ಣ ಸಿನೆಮಾ ಒಂದನ್ನು ತಾನೇ ತೆಗೆಯಬೇಕೆಂದು ಅವನ ಹಟ. ಕಾಲು ಗಂಟೆಯೂ ಓಡದ, ಮಾತಿಲ್ಲದ ಸಿನೆಮಾ. ಯಾರ ಮೇಲೆ ಅಂದರೆ, ನಾಗನೂರಿನ ಸಂಗಪ್ಪಜ್ಜನ ಮೇಲೆ.

ಮೂಡಲಗಿಯ ಸುತ್ತಲಿನವರಿಗೆ ಸಂಗಪ್ಪಜ್ಜನನ್ನು ಪರಿಚಯಿಸುವ ಕಾರಣವೇ ಇರಲಿಲ್ಲ. ಅವರ ಬಯಲಾಟದ ಮೇಳದ ಆಟ ಒಂದೇ, ಹೊನ್ನವ್ವನ ಆಟ. ವ್ಯಾಪಾರಕ್ಕೆಂದು ಹೊಳೆ ದಾಟಿ ಹೋದ ಗಂಡನ ದಾರಿ ಕಾಯುತ್ತ ರಾತ್ರಿಯೆಲ್ಲ ದಂಡೆಯಲ್ಲಿ ಕೂಡುವ ಹೆಣ್ಣಿನ ಕಥೆ. ಬೆಳಗಾದರೂ ಗಂಡ ಬರುವುದಿಲ್ಲ. ಆಟ ಅಲ್ಲಿಗೇ ಮುಗಿಯುತ್ತದೆ. ಮೀಸೆ ಬೋಳಿಸಿ ಆ ಹೊನ್ನವ್ವನಾಗಿ ಸಂಗಪ್ಪಜ್ಜ ನಲವತ್ತು ವರ್ಷದ ಹತ್ತಿರ ಕುಣಿದಿದ್ದರು. ಈಗ ಎದೆಯ ಬೇನೆ. ಡಾಕ್ಟರು ಮುಖ ನೋಡದೆ ಮಾತಾಡುವ ಹಂತಕ್ಕೆ ಬಂದಿತ್ತು. ಹೊನ್ನವ್ವ ಅವರೊಂದಿಗೇ ಹೋಗಿಬಿಡುವಳೇ ಎನ್ನುವುದು ಊರಿನವರ ಚಿಂತೆ. ಶಿಷ್ಯನಿದ್ದ, ಭೀಮಶಿ. ಮೂವತ್ತರ ಗಂಡಸು, ಹೊಲ ಮನೆ ಮಕ್ಕಳು ಇದ್ದವನು. ಕುಣಿತ, ಮಾತು, ಪದ ಎಲ್ಲ ಅವನಿಗೆ ಬರುತ್ತಿದ್ದವು. ಬರದಿದ್ದದ್ದು ಒಂದೇ ಒಂದು ಪದ.

ಅದು ಆಟದೊಳಗಿನ ಪದವಲ್ಲ. ಬೆಳಗಿನ ಜಾವ ಆಟ ಮುಗಿದ ಮೇಲೆ ಹೊನ್ನವ್ವನ ಸೋಗಿನವರು ಯಾರ ಜೊತೆಗೂ ಮಾತಾಡದೆ ಬಣ್ಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಬಣ್ಣ ಇನ್ನೂ ಮುಖದ ಮೇಲಿರುವಾಗಲೇ ಕನ್ನಡಿಯ ಮುಂದೆ ಕೂತು, ತನಗಷ್ಟೇ ಕೇಳುವಂತೆ ಒಂದು ಪದ ಹಾಡಿ, ಆಮೇಲೆ ಒರೆಸಿಕೊಳ್ಳಬೇಕು. ಅದಕ್ಕೆ ಇಳಿಸುವ ಪದ ಎನ್ನುತ್ತಿದ್ದರು. ಹೊನ್ನವ್ವನನ್ನು ಮೈಯಿಂದ ಇಳಿಸುವುದು ಎಂದರ್ಥ. ಗುರು ತಾನು ಗೆಜ್ಜೆ ಬಿಚ್ಚಿ ಶಿಷ್ಯನ ಕಾಲಿಗೆ ಕಟ್ಟುವ ದಿನ, ತಾನು ಪೂರ್ತಿ ಸೋಗಿನಲ್ಲಿದ್ದು, ಅದನ್ನು ಕಲಿಸುತ್ತಾನೆ. ಕಲಿಸಿದ ಮೇಲೆ ಅವನು ಮತ್ತೆ ಹೊನ್ನವ್ವನಾಗುವಂತಿಲ್ಲ. ಸಂಗಪ್ಪಜ್ಜ ಅದಕ್ಕೇ ಇವತ್ತು ನಾಳೆ ಎಂದು ಮುಂದೆ ಹಾಕುತ್ತ ಬಂದಿದ್ದರು. ಕಲಿಸಿದರೆ ತನ್ನ ಬಾಳು ಮುಗಿದ ಹಾಗೆ ಎಂದು ಅವರಿಗೆ ಅನಿಸಿರಬೇಕು.

ಭೀಮಶಿ ಒಮ್ಮೆ ಗುರುವಿಗೆ ಮೈ ನೆಟ್ಟಗಿಲ್ಲದಾಗ ಮಮದಾಪುರದಲ್ಲಿ ಅವರ ಬದಲಿಗೆ ಸೋಗು ಹಾಕಿದ್ದ, ಆ ಪದವಿಲ್ಲದೆಯೇ. ಆಮೇಲೆ ಕೆಲವು ದಿನ ಯಾರಾದರೂ "ಭೀಮಶೀ" ಎಂದು ಕೂಗಿದರೆ ತನ್ನನ್ನೇ ಕೂಗುತ್ತಿದ್ದಾರೆಂದು ಅವನಿಗೆ ತಿಳಿಯುತ್ತಿರಲಿಲ್ಲವಂತೆ. ಹೊಲದ ಬದುವಿನ ಮೇಲೆ ದಾರಿ ನೋಡುತ್ತ ನಿಂತುಬಿಡುತ್ತಿದ್ದನಂತೆ. ಹೆಂಡತಿ ಅತ್ತು ಕರೆದು ರಂಪ ಮಾಡಿದಳು. ಆ ಪದ ಸಿಗದೆ ಇನ್ನೆಂದೂ ಸೋಗು ಹಾಕುವುದಿಲ್ಲವೆಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಇದನ್ನೆಲ್ಲ ಕೇಳಿ ಆಗ ನಾನು, ನಿದ್ದೆಗೆಟ್ಟವರ ಅವಸ್ಥೆ ಅಷ್ಟೇ, ಎಂದುಕೊಂಡಿದ್ದೆ.

ಬಯಲಾಟ ರಾತ್ರಿಯದು, ಕ್ಯಾಮರಾಕ್ಕೆ ಬೇಕಾದದ್ದು ಬಿಸಿಲು. ಹಾಗಾಗಿ ಹಾಡು ಹಗಲೇ ಆಟ ಕಟ್ಟಿದರು, ಸಂಗಪ್ಪಜ್ಜನ ಮನೆಯ ಅಂಗಳದಲ್ಲಿ. ಅತ್ತೆಗೆ ಮೊಣಕಾಲು ನೋವಿತ್ತು, ಬರಲಿಲ್ಲ. ನಮ್ಮ ಹತ್ತಿಯ ಲಾರಿಯಲ್ಲಿ ಶಂಕರನ ಜೊತೆಗೆ ಹೋದವಳು ನಾನು. ನನಗೂ ಒಂದು ಕೆಲಸ ಕೊಟ್ಟಿದ್ದ: ಕನ್ನಡಿ ಹಿಡಿದು ಬಿಸಿಲನ್ನು ಅಜ್ಜನ ಮುಖದ ಮೇಲೆ ಬೀಳಿಸುವುದು.

ಸಂಗಪ್ಪಜ್ಜ ಸಣ್ಣ ಮೈಕಟ್ಟಿನವರು. ಲುಂಗಿ ಸುತ್ತಿಕೊಂಡು ಕೂತಾಗ ಯಾವುದೋ ಅಂಗಡಿಯ ಮುದುಕಪ್ಪನಂತೆ ಕಂಡರು. ಕ್ಯಾಮರಾವನ್ನು ಎಲ್ಲ ಕಡೆಯಿಂದ ಮುಟ್ಟಿ ನೋಡಿ, "ತಮ್ಮಾ, ನಾ ಹೋದಮ್ಯಾಲೂ ಅಕಿ ಇದರಾಗ ಇರ್ತಾಳಂದಿ. ಖರೇನ?" ಎಂದು ಕೇಳಿದರು.

"ಇರ್ತಾಳ್ರಿ ಅಜ್ಜಾರ. ಐವತ್ತು ವರ್ಷ ಆದ್ರೂ ಇರ್ತಾಳ."

"ಹಾಡ್ತಾಳ?"

"ಇದು ಮೂಕ ಸಿನೆಮಾ ಐತ್ರಿ. ಬಾಯಿ ಆಡಸ್ತಾಳ, ದನಿ ಕೇಳೂದಿಲ್ಲ."

"ಅಂದ್ರ ನನ್ನ ಹೇಣ್ತಿಗೆ ಚಲೋ ಆತು," ಎಂದರು ಅಜ್ಜ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಗಂಗವ್ವ, "ದನಿ ಇಲ್ಲದ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು," ಎಂದು ಅಲ್ಲಿಂದಲೇ ಕೊಟ್ಟರು. ಎಲ್ಲರೂ ನಕ್ಕರು. ಮದ್ದಳೆಯವ ಮಾತ್ರ ನಗಲಿಲ್ಲ. ಬಿಸಿಲಿಗೆ ತನ್ನ ಮದ್ದಳೆಯ ಚರ್ಮ ಬಿಗಿದು ದನಿ ಕೆಡುತ್ತಿದೆಯೆಂದು ಅವನು ಬೆಳಗಿನಿಂದಲೂ ಕ್ಯಾಮರಾದ ಮೇಲೆ ಹಲ್ಲು ಕಡಿಯುತ್ತಿದ್ದ.

ಬಣ್ಣ ಬಳಿದುಕೊಂಡು, ಹಸಿರು ಇಳಕಲ್ ಸೀರೆ ಉಟ್ಟು, ಚೌರಿ ಕಟ್ಟಿಕೊಂಡು ಅವರು ಅಂಗಳಕ್ಕೆ ಬಂದಾಗ ನಾನು ಎದ್ದು ನಿಂತೆ. ಹಾಗೆ ಏಳಬೇಕೆಂದು ಎದ್ದದ್ದಲ್ಲ. ಮನೆಗೆ ಹಿರಿಯ ಹೆಂಗಸು ಬಂದರೆ ಏಳುವಂತೆ ಕಾಲು ತಾನೇ ಎದ್ದಿತು. ಜೋಕಾಲಿಯ ಪದ ಹಾಡಿ ಕುಣಿದರು. ನಡುನಡುವೆ ಉಸಿರು ಹತ್ತದೆ ಕೂತರು. ಶಂಕರ ಕೀಲಿ ಕೊಟ್ಟು ಕೊಟ್ಟು ತೆಗೆದ.

ಆಟದ ಭಾಗ ಮುಗಿದದ್ದೇ ಅಜ್ಜ, "ಒಂದೀಟ ಒಳಗ ಹೋಗಿ ಬರ್ತೇನಿ," ಎಂದು ಎದ್ದರು. ಶಂಕರನಿಗೆ ಇನ್ನೊಂದು ಚಿತ್ರ ಬೇಕಿತ್ತು. ಹೊನ್ನವ್ವ ಬಣ್ಣ ಒರೆಸಿಕೊಳ್ಳುತ್ತ ಒರೆಸಿಕೊಳ್ಳುತ್ತ ಸಾವಿನ ಹತ್ತಿರದ ಮುದುಕನಾಗುವುದು. ಅದೇ ತನ್ನ ಸಿನೆಮಾದ ಜೀವ ಎನ್ನುತ್ತಿದ್ದ.

"ಅಜ್ಜಾರ, ಮಾಡ ಬರಾಕತ್ತೈತ್ರಿ. ಬಿಸಲ ಹೋದ್ರ ಮುಗೀತು. ಇಲ್ಲೇ ಒರಸ್ಕೋರಿ."

ಭೀಮಶಿ ಎರಡು ಹೆಜ್ಜೆ ಮುಂದೆ ಬಂದು, "ಸಾವಕಾರ್ರ, ಹಂಗ ಮಾಡಬಾರದ್ರಿ," ಎಂದ. ಅಜ್ಜ ಕೋಣೆಯ ಬಾಗಿಲನ್ನೊಮ್ಮೆ, ಕ್ಯಾಮರಾವನ್ನೊಮ್ಮೆ ನೋಡಿದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತರು. ಐವತ್ತು ವರ್ಷ ಎಂದ ಮಾತು ಅವರನ್ನು ಕೂಡಿಸಿತೇನೋ.

ಈಗ ಹೇಳುವುದನ್ನು ಸ್ವಲ್ಪ ಗಮನವಿಟ್ಟು ಓದಬೇಕು. ನಾನು ಅವರಿಂದ ಒಂದು ತೋಳಿನ ದೂರದಲ್ಲಿ ಕನ್ನಡಿ ಹಿಡಿದು ಕೂತಿದ್ದೆ. ಅವರು ಚೌರಿ ಬಿಚ್ಚಿದರು. ಅದರ ಕರಿಯ ದಾರವನ್ನು, ಕೂದಲು ಬಿಚ್ಚುವಾಗ ನಾವು ಹೆಂಗಸರೆಲ್ಲ ಮಾಡುವಂತೆ, ಹಲ್ಲಿನಲ್ಲಿ ಕಚ್ಚಿ ಹಿಡಿದರು. ಎರಡೂ ಕೈಯಿಂದ ಕೊಬ್ಬರಿ ಎಣ್ಣೆಯ ಅರಿವೆಯಲ್ಲಿ ಮುಖ ಒರೆಸಿಕೊಂಡರು. ಹಣೆ, ಕೆನ್ನೆ, ಕೊನೆಗೆ ಗದ್ದ. ಪೂರ್ತಿ ಒರೆಸುವವರೆಗೂ ಆ ದಾರ ಹಲ್ಲಿನಲ್ಲೇ ಇತ್ತು, ತುಟಿ ಮುಚ್ಚಿತ್ತು. ದಾರದ ತುದಿಗೆ ಒಂದು ಕೆಂಪು ಗೊಂಡೆ. ಅದು ಅವರ ಎದೆಯ ಮೇಲೆ ಅಲ್ಲಾಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಒಂದು ಮಾತೂ ಆಡಲಿಲ್ಲ. ರೀಲು ತೀರಿ ಕ್ಯಾಮರಾ ನಿಂತಿತು.

ಗಂಗವ್ವ ಹೊರಗೆ ಬಂದು, "ಒಳಗ ಹೋಗೂದಿಲ್ಲೇನು?" ಎಂದು ಮೆಲ್ಲಗೆ ಕೇಳಿದರು.

"ಬಣ್ಣ ಹೋದಮ್ಯಾಲೆ ಯಾರ ಮುಂದ ಹಾಡ್ಲಿ," ಎಂದರು ಅಜ್ಜ.

ಆ ತಿಂಗಳು ಕಳೆಯುವುದರೊಳಗೆ ಅವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿ ಮಲಗಿಕೊಂಡೇ ಇಲ್ಲದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರೆಂದು ಗಂಗವ್ವ ಹೇಳಿದರು. ಭೀಮಶಿ ಕಾಲು ಹಿಡಿದು ಆ ಪದ ಕೇಳಿದ. ಸೋಗಿಲ್ಲದೆ ಹೇಳುವ ಪದವಲ್ಲ ಅದು ಎಂದರಂತೆ; ಬಣ್ಣ ಹಚ್ಚಿಕೊಂಡು ಕೂಡುವ ಶಕ್ತಿ ಅವರಿಗೆ ಮತ್ತೆ ಬರಲಿಲ್ಲ. ಹೊನ್ನವ್ವನ ಆಟ ಇನ್ನು ಮುಗಿಯಿತೆಂದು ಎಲ್ಲರೂ ತಿಳಿದರು. ಮೇಳದವರು ಗೆಜ್ಜೆಯನ್ನು ಅರಿವೆಯಲ್ಲಿ ಸುತ್ತಿ ಜಂತಿಗೆ ಕಟ್ಟಿದರು.

ಕೆಲವು ತಿಂಗಳ ಮೇಲೆ ಶಂಕರ ರೀಲು ತೊಳೆಸಿಕೊಂಡು, ತೋರಿಸುವ ಯಂತ್ರವನ್ನೂ ಹೊತ್ತು ಬಂದ. ನಮ್ಮ ಹತ್ತಿಯ ಗೋದಾಮಿನ ಬಾಗಿಲು ಹಾಕಿ, ಸಂದುಗೊಂದಿಗೆಲ್ಲ ಗೋಣಿ ತುರುಕಿ, ಗೋಡೆಗೆ ನಮ್ಮವರ ಒಂದು ಧೋತರ ಕಟ್ಟಿದರು. ಲಾರಿಯ ಬ್ಯಾಟರಿಯಿಂದ ಯಂತ್ರ ಓಡುವ ವ್ಯವಸ್ಥೆ. ಇಂಥ ಸಂಗತಿಗಳು ಅಮಾವಾಸ್ಯೆಯ ರಾತ್ರಿ ನಡೆಯುತ್ತವೆಂದು ಜನ ಹೇಳುತ್ತಾರೆ; ನಮ್ಮಲ್ಲಿ ನಡೆದದ್ದು ಊಟವಾದ ಮೇಲೆ, ತೂಕಡಿಕೆ ಬರುವ ಮಧ್ಯಾಹ್ನದಲ್ಲಿ. ನಮ್ಮ ಮನೆಯವರಂತೂ ಹತ್ತಿಯ ಅಂಡಿಗೆಗೆ ಒರಗಿ ಶುರುವಾಗುವ ಮೊದಲೇ ನಿದ್ದೆ ಹೋಗಿದ್ದರು.

ಗಂಗವ್ವನನ್ನೂ ಭೀಮಶಿಯನ್ನೂ ಕರೆಸಿದ್ದೆವು. ಗಂಗವ್ವ ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಬಂದು, "ಬ್ಯಾನ್ಯಾಗ ಮುಖ ಸರಿಯಾಗಿ ನೋಡಲಿಲ್ಲವಾ, ಗಂಜಿ ನೋಡಿದೆ, ಔಷಧ ನೋಡಿದೆ. ಇವತ್ತ ನೋಡ್ತೇನಿ," ಎಂದು ನನ್ನ ಬಾಜೂ ಕೂತರು. ಇನ್ನೊಂದು ಬದಿಗೆ ಅತ್ತೆ, ಅವರ ಕಾಲ ಬಳಿ ಭೀಮಶಿ. ಶಂಕರ ಹಿಂದೆ ಯಂತ್ರದ ಹತ್ತಿರ.

ಧೋತರದ ಮೇಲೆ ಅಂಗಳ ಮೂಡಿದ ಕೂಡಲೇ ಅತ್ತೆಗೆ ಹಬ್ಬವಾಯಿತು. ನಮಗೆಲ್ಲ ಮೂಕವಾಗಿದ್ದ ಸಿನೆಮಾ ಅವರೊಬ್ಬರಿಗೆ ಮಾತಾಡುತ್ತಿತ್ತು! ತುಟಿ ಕಂಡವರ ಮಾತನ್ನೆಲ್ಲ ಅವರು ದೊಡ್ಡದಾಗಿ ಹೇಳತೊಡಗಿದರು. "ಭೀಮಶಿ ನೀರ ಕೇಳಾಕತ್ತಾನ... ಯಾರೂ ಕೊಡವಲ್ರು ಪಾಪ... ಇಕಾ, ಗಂಗವ್ವ ಯಾರಿಗೋ ಸರಿ ಸರಿ ಅನ್ನಾಕತ್ತಾಳ..." ಮದ್ದಳೆಯವ ಕಾಣಿಸಿಕೊಂಡಾಗ ಮಾತ್ರ ತಡೆದರು. "ಈ ಮೂಳ ಏನಂದ ಗೊತ್ತೈತೇನ? ಆ ಪೆಟ್ಟಿಗಿಗೆ ಬೆಂಕಿ ಹಚ್ಚಿ ಅದನ್ನ ತಂದಾಂವನ... ಬ್ಯಾಡ ಬಿಡು, ತಂದಾಂವ ನನ್ನ ಮಗಾನ ಅದಾನ."

ಭೀಮಶಿ ಬಿದ್ದು ಬಿದ್ದು ನಕ್ಕ. "ಖರೇರಿ ಅವ್ವಾರ, ಅದ ಮಾತ ಅಂದಿದ್ದ! ನಾ ಬಾಜೂನ ಇದ್ನಿ!"

ಗಂಗವ್ವನೂ ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಹೊನ್ನವ್ವ ಬಂದಳು. ಜೋಕಾಲಿಯ ಪದವನ್ನು ಅತ್ತೆ ತುಟಿಯ ಜೊತೆಜೊತೆಗೇ ಹೇಳಿದರು. ಎಲ್ಲರಿಗೂ ಗೊತ್ತಿದ್ದ ಪದ. ಒಂದು ಅಕ್ಷರವೂ ತಪ್ಪಲಿಲ್ಲ.

ಕೊನೆಯ ಚಿತ್ರ ಬಂತು. ಕಲ್ಲಿನ ಮೇಲೆ ಕೂತ ಅಜ್ಜ, ಮೂಲೆಯಲ್ಲಿ ಕನ್ನಡಿ ಹಿಡಿದ ನನ್ನ ಕೈ. ನಿಜ ಹೇಳಬೇಕೆಂದರೆ ನಾನು ಮೊದಲು ನೋಡಿದ್ದು ನನ್ನ ಕೈಯನ್ನೇ. ಬಳೆ ಹೇಗೆ ಕಾಣುತ್ತವೆ ಎಂದು. ಆಗ ಅತ್ತೆಯ ದನಿ ಬದಲಾಯಿತು. ಕಿವುಡಾದವರಿಗೆ ದನಿಯ ಅಳತೆ ಇರುವುದಿಲ್ಲ. ಅತ್ತೆ ದೇವರ ಮುಂದೆಯೂ ಕೂಗಿಯೇ ಮಾತಾಡುವವರು. ಅವತ್ತು ಅವರ ದನಿ ಪಕ್ಕದಲ್ಲಿದ್ದ ನನಗೂ ಕಿವಿಗೊಟ್ಟು ಕೇಳಬೇಕಾಗುವಷ್ಟು ಸಣ್ಣಗಾಯಿತು. ಒಂದೊಂದೇ ಮಾತು ಹೇಳುತ್ತಿದ್ದರು. ನಾನು ಕೈಯಿಂದ ಕಣ್ಣು ಕಿತ್ತು ಅಜ್ಜನ ಮುಖ ನೋಡಿದೆ.

ಹಲ್ಲಿನಲ್ಲಿ ದಾರವಿರಲಿಲ್ಲ. ಚೌರಿ ಮಡಿಲಲ್ಲಿ ಬಿದ್ದಿತ್ತು, ಗೊಂಡೆ ಮೊಣಕಾಲಿನ ಮೇಲೆ. ಅರಿವೆ ಹಿಡಿದ ಕೈ ಇನ್ನೂ ಮುಖಕ್ಕೆ ಏರಿರಲಿಲ್ಲ. ಅಜ್ಜ ನಾನು ಹಿಡಿದ ಕನ್ನಡಿಯಲ್ಲಿ ಹೊನ್ನವ್ವನನ್ನು ನೋಡುತ್ತ ಹಾಡುತ್ತಿದ್ದರು. ತುಟಿ ಸ್ಪಷ್ಟವಾಗಿ ಆಡುತ್ತಿದ್ದವು. ನನಗೆ ಮೈ ಜುಮ್ಮೆನ್ನಲಿಲ್ಲ, ಭಯವೂ ಆಗಲಿಲ್ಲ. ಇದು ಹೀಗಿರಲಿಲ್ಲವಲ್ಲ, ಎಂದಷ್ಟೇ ಅನಿಸಿತು. ಜೋಡಿಸಿಟ್ಟ ಪಾತ್ರೆ ಬೇರೆ ಕಡೆ ಕಂಡಾಗ ಅನಿಸುವ ಹಾಗೆ. ಹಾಡು ಮುಗಿಸಿ ಅವರು ಹಣೆ ಒರೆಸಿಕೊಳ್ಳತೊಡಗಿದರು. ಅಷ್ಟರಲ್ಲಿ ರೀಲಿನ ತುದಿ ಪಟಪಟ ಬಡಿದು ಧೋತರ ಬೆಳ್ಳಗಾಯಿತು.

"ಹ್ಯಾಂಗಿತ್ತು?" ಎಂದು ಹಿಂದಿನಿಂದ ಶಂಕರ ಕೇಳಿದ.

ಭೀಮಶಿ ಎದ್ದು ಅತ್ತೆಯ ಮುಂದೆ, ಮುಖ ಕಾಣುವಂತೆ ಮಂಡಿಯೂರಿ ಕೂತು ಕೈಮುಗಿದ. "ಅವ್ವಾರ, ಇನ್ನೊಮ್ಮೆ ಹೇಳ್ರಿ."

ಅತ್ತೆ ಹೇಳಿದರು. ಆರು ಸಾಲು. ಹಾಡಾಗಿ ಅಲ್ಲ, ಸಂತೆಯ ಸಾಮಾನು ಹೇಳುವ ಹಾಗೆ ಸಪ್ಪಗೆ. ಎರಡನೆಯ ಸಾಲಿಗೆ ಬರುವಾಗ ನನ್ನ ಪಕ್ಕದಲ್ಲಿ ಗಂಗವ್ವ ಗುನುಗತೊಡಗಿದರು. ಮಾತಿಲ್ಲ, ಬರೀ ಧಾಟಿ. ಅವರು ಅದನ್ನು ಮದುವೆಯಾದಂದಿನಿಂದ ಮುಚ್ಚಿದ ಬಾಗಿಲ ಹೊರಗೆ ಬಿಸಿನೀರಿನ ತಂಬಿಗೆ ಹಿಡಿದು ನಿಂತು ಕೇಳಿದವರು. ಒಳಗಿನ ದನಿ ಎಷ್ಟು ಸಣ್ಣದೆಂದರೆ ಏರಿಳಿತ ತಿಳಿಯುತ್ತಿತ್ತೇ ಹೊರತು ಒಂದು ಮಾತೂ ತಿಳಿದಿರಲಿಲ್ಲ. ಅತ್ತೆಗೆ ಧಾಟಿ ಕೇಳುವಂತಿಲ್ಲ, ಗಂಗವ್ವನಿಗೆ ಮಾತು ಗೊತ್ತಿಲ್ಲ. ಭೀಮಶಿ ಇಬ್ಬರ ನಡುವೆ ಕೂತು ಇವರ ಮಾತನ್ನು ಅವರ ಧಾಟಿಗೆ ಇಟ್ಟು ನೋಡಿದ. ಒಂದು ಮಾತು ಹೆಚ್ಚಾಗಲಿಲ್ಲ, ಒಂದು ಎಳೆತ ಕಡಿಮೆಯಾಗಲಿಲ್ಲ. ತಿರುಗಿ ಒಮ್ಮೆ ಹಾಡಿದ. ಗಂಗವ್ವ ತಡೆದು, "ಇಲ್ಲಿ ಒಂದ ಉಸರ ತಗೋತಿದ್ರು," ಎಂದರು. ಅಲ್ಲಿ ಉಸಿರು ತೆಗೆದುಕೊಂಡು ಹಾಡಿದ. ಆಮೇಲೆ ಇಬ್ಬರೂ ಅತ್ತರು. ಏನಾಗುತ್ತಿದೆಯೆಂದು ತಿಳಿಯದೆ ಎಚ್ಚರಾದ ನಮ್ಮ ಮನೆಯವರು, "ಚಾ ಆತೇನು?" ಎಂದು ಕೇಳಿದರು.

ಆ ಪದವನ್ನು ಇಲ್ಲಿ ಬರೆಯುವುದಿಲ್ಲ, ಅದು ಭೀಮಶಿಯದು. ಅವನ ಒಪ್ಪಿಗೆಯಿಂದ ಇಷ್ಟು ಹೇಳಬಹುದು. ಆಟದಲ್ಲಿ ಹೊನ್ನವ್ವನ ಗಂಡ ಬರುವುದೇ ಇಲ್ಲ. ಆ ಪದದಲ್ಲಿ ಸೋಗಿನವನು ಕನ್ನಡಿಯೊಳಗಿನ ಅವಳಿಗೆ, ನಿನ್ನ ಗಂಡ ಬಂದಿದ್ದಾನೆ, ಕಾಲು ತೊಳೆದು ಒಳಗೆ ಕೂತಿದ್ದಾನೆ, ಇನ್ನು ಮನೆಗೆ ಹೋಗವ್ವ ಎಂದು ಹೇಳುತ್ತಾನೆ.

ರೀಲನ್ನು ಕೂಡಲೇ ಇನ್ನೊಮ್ಮೆ ಹಾಕು ಎಂದು ನಾನು ಹಟ ಹಿಡಿದೆ. ಬ್ಯಾಟರಿ ಇಳಿದಿತ್ತು. ಮರುದಿನ ಶಂಕರ ಎಲ್ಲ ಕಟ್ಟಿಕೊಂಡು ಮುಂಬಯಿಗೆ ಹೋದ. ಭೀಮಶಿಗೆ ಮತ್ತೆ ನೋಡುವ ಆಸೆಯೇ ಇರಲಿಲ್ಲ. "ಕಲಿಸಿದ್ರಲ್ಲ, ಆತು," ಎಂದ. ಮುಂದಿನ ಸುಗ್ಗಿಯ ಮೇಲೆ ಮೂಡಲಗಿಯಲ್ಲಿ ಗೆಜ್ಜೆ ಇಳಿಸಿ ಆಟ ಕಟ್ಟಿದರು. ಬೆಳಗಾದಾಗ ಭೀಮಶಿ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ಅವನ ಹೆಂಡತಿ ಹೊಸ್ತಿಲ ಮೇಲೆ ಕಣ್ಣಿಟ್ಟು ಕೂತಿದ್ದಳು. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಅವನು ಮುಖ ಒರೆಸಿಕೊಂಡು ಹೊರಗೆ ಬಂದು, "ಏನ ಹಿಂಗ ನೋಡಾಕತ್ತೀ? ಹಸಿವ್ಯಾಗೈತಿ, ರೊಟ್ಟಿ ತಂದಿಯಿಲ್ಲೋ?" ಎಂದು ಗದರಿದ. ಗಂಡನ ಬೈಗುಳಕ್ಕೆ ಅಷ್ಟು ಸಂತೋಷಪಟ್ಟ ಹೆಂಡತಿಯನ್ನು ನಾನು ಬೇರೆ ನೋಡಿಲ್ಲ.

ಇಲ್ಲಿಗೇ ಮುಗಿದಿದ್ದರೆ, ಆ ದಿನ ನಾಗನೂರಿನಲ್ಲಿ ನನ್ನ ಗಮನವೇ ತಪ್ಪಿತ್ತು, ಅಜ್ಜ ಹಾಡಿದ್ದು ನಿಜ, ಎಂದುಕೊಂಡು ನಾನೂ ಸುಮ್ಮನಾಗುತ್ತಿದ್ದೆ. ಆದರೆ ದೀಪಾವಳಿಗೆ ಶಂಕರ ಮತ್ತೆ ರೀಲು ತಂದ. ಅದೇ ಗೋದಾಮು, ಅದೇ ಧೋತರ. ಈ ಸಲ ನಾನು ಕೈ ನೋಡಲಿಲ್ಲ. ಜೋಕಾಲಿಯ ಪದ ಹಾಗೇ ಇತ್ತು. ಮದ್ದಳೆಯವನ ಬೈಗುಳವೂ ಹಾಗೇ ಇತ್ತು. ಕೊನೆಯ ಚಿತ್ರದಲ್ಲಿ ಅಜ್ಜ ಚೌರಿಯ ದಾರ ಹಲ್ಲಿನಲ್ಲಿ ಕಚ್ಚಿ, ತುಟಿ ಮುಚ್ಚಿ, ಮುಖ ಒರೆಸಿಕೊಂಡರು. ಗೊಂಡೆ ಎದೆಯ ಮೇಲೆ ಅಲ್ಲಾಡುತ್ತಿತ್ತು. ಅತ್ತೆ ಸುಮ್ಮನೆ ನೋಡಿ, ನನ್ನ ಕಡೆ ತಿರುಗಿ, "ಇವತ್ತ ಮಾತಾಡವಲ್ಲ," ಎಂದರು, ಮನೆಗೆ ಬಂದ ನೆಂಟನ ಬಗ್ಗೆ ಹೇಳುವಂತೆ.

ಶಂಕರನನ್ನು ಹಿಡಿದು ಕೇಳಿದೆ. ರೀಲು ಒಂದೇ, ಬೇರೆ ಪ್ರತಿ ಇಲ್ಲ, ಎಂದ. ಮೊದಲ ಸಲ ಅವನು ಧೋತರದ ಕಡೆ ನೋಡಿರಲೇ ಇಲ್ಲ. ಯಂತ್ರದಲ್ಲಿ ರೀಲು ಸಿಕ್ಕಿಕೊಂಡೀತೆಂದು ಅದನ್ನೇ ಕಾಯುತ್ತಿದ್ದನಂತೆ. "ವೈನೀ, ನೀವೆಲ್ಲಾ ಅಳಾಕತ್ತಿದ್ರಿ. ಕಣ್ಣೀರಾಗ ಏನ ಬೇಕಾದ್ದು ಕಂಡೀತು," ಎಂದ. ನಾನು ಅಳುತ್ತಿರಲಿಲ್ಲ, ಬಳೆ ನೋಡುತ್ತಿದ್ದೆ. ಅದನ್ನು ಅವನಿಗೆ ಹೇಳಲು ನಾಚಿಕೆಯಾಯಿತು.

ಒಮ್ಮೆ ಮಾತ್ರ ಎಲ್ಲ ಬಗೆಹರಿಯಿತೆಂದು ಅನಿಸಿತ್ತು. ಹುಕ್ಕೇರಿಯಲ್ಲಿ ಅತ್ತೆಯ ತವರಿಗೆ ಒಂದು ಮದುವೆಗೆ ಹೋದಾಗ ಅವರ ಅಣ್ಣನ ಹೆಂಡತಿ ಮಾತಿಗೆ ಮಾತು ಬಂದು ಹೇಳಿದರು: ಸಂಗಪ್ಪಜ್ಜನ ಗುರುವಿನ ಕಾಲದಲ್ಲಿ ಆ ಮೇಳ ಹುಕ್ಕೇರಿಗೆ ಬಂದರೆ ಇವರ ದನದ ಕೊಟ್ಟಿಗೆಯೇ ಬಣ್ಣದ ಕೋಣೆಯಂತೆ. ಅತ್ತೆ ಆಗ ಸಣ್ಣ ಹುಡುಗಿ, ಎರಡು ಕಿವಿಯೂ ನೆಟ್ಟಗಿದ್ದವಳು. ಕೊಟ್ಟಿಗೆಯ ಗೋಡೆಗೆ ಹತ್ತಿಯೇ ಮಕ್ಕಳು ಮಲಗುವ ಪಡಸಾಲೆ. ಬೆಳಗಿನ ಜಾವ ಗೋಡೆಯ ಆಚೆಯಿಂದ ಆ ಪದ ಅವರ ಕಿವಿಗೆ ಬಿದ್ದು, ಮರೆತುಹೋಗಿ, ಅಜ್ಜನ ಮುಖ ಕಂಡಾಗ ತಾನಾಗಿ ಬಾಯಿಗೆ ಬಂದಿರಬೇಕು! ನನಗೆ ಎಷ್ಟು ಹುರುಪಾಯಿತೆಂದರೆ ಮದುವೆಯ ಮನೆಯಲ್ಲೇ ಅತ್ತೆಯನ್ನು ಒಂದು ಮೂಲೆಗೆ ಎಳೆದು ಕೇಳಿದೆ.

ಅವರು ನನ್ನ ತುಟಿಯನ್ನು ಪೂರ್ತಿ ಓದಿ ಮುಗಿಸಿದರು. "ಸಣ್ಣಾಕಿದ್ದಾಗ ಕೇಳಿದ ಪದ ನನಗ ಭಾಳ ನೆನಪದಾವ. ಕಿವಿ ಹೋದ್ರೂ ಧಾಟಿ ಇನ್ನೂ ತಲ್ಯಾಗ ಕೇಳಸ್ತಾವ. ಬೀಸೂ ಪದ, ಸೋಬಾನ ಪದ, ಎಲ್ಲಾ ಧಾಟಿ ಕೂಡೇ ಅದಾವ. ಈ ಪದಕ್ಕ ಮಾತಷ್ಟ ಐತಿ ನನ್ನ ಹಂತ್ಯಾಕ, ಧಾಟಿ ಇಲ್ಲ. ಕೇಳಿದ್ದಿದ್ರ ಧಾಟಿ ಇರ್ತಿತ್ತಲ್ಲವಾ?" ಎಂದರು. ಎಂದವರು, ಊಟಕ್ಕೆ ಎಲೆ ಹಾಕಿದ್ದು ಕಂಡು ಎದ್ದು ಹೋದರು.

ಅತ್ತೆ ತೀರಿಕೊಂಡು ವರ್ಷಗಳಾದವು, ಗಂಗವ್ವನೂ ಇಲ್ಲ. ಶಂಕರನ ರೀಲು ಪೆಟ್ಟಿಗೆಯಲ್ಲಿ ಕೂತು ಕೂತು ಒಂದಕ್ಕೊಂದು ಅಂಟಿ ಬೆಲ್ಲದ ಅಚ್ಚಿನಂತಾಗಿದೆ; ಬಿಡಿಸಲು ಹೋದರೆ ಪುಡಿಯಾಗುತ್ತದೆ ಎನ್ನುತ್ತಾನೆ. ಐವತ್ತು ವರ್ಷ ಇರುತ್ತಾಳೆ ಎಂದಿದ್ದವನು ಅವನೇ. ಹೊನ್ನವ್ವ ಇದ್ದಾಳೆ, ಆದರೆ ಆ ಪೆಟ್ಟಿಗೆಯಲ್ಲಲ್ಲ. ಭೀಮಶಿ ಈಗಲೂ ಕುಣಿಯುತ್ತಾನೆ, ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು ಅವಳನ್ನು ಮನೆಗೆ ಕಳಿಸುತ್ತಾನೆ. ಅದೇ ಖರೆ ಪದವೆಂದು ಹೇಗೆ ಗೊತ್ತು ಎಂದು ಒಮ್ಮೆ ಕೇಳಿದೆ. "ಹಾಡಿದ್ರ ಅಕಿ ಹೋಗ್ತಾಳ್ರಿ ಅಕ್ಕಾರ," ಎಂದ. ಅವನಿಗೆ ಅಷ್ಟು ಸಾಕು. ನನಗೆ ಸಾಲದು. ನಾಗನೂರಿನ ಅಂಗಳದಲ್ಲಿ ಮುಚ್ಚಿದ ತುಟಿ ನೋಡಿದ್ದು ಇವೇ ಕಣ್ಣು, ಗೋದಾಮಿನಲ್ಲಿ ಹಾಡುವ ತುಟಿ ನೋಡಿದ್ದೂ ಇವೇ ಕಣ್ಣು. ಒಂದನ್ನು ನಂಬಿ ಇನ್ನೊಂದನ್ನು ಬಿಡುವುದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ.